ಮನೆಮಾತೂ ಬರೆಹದ ಮಾತೂ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕೋತ್ಸವಕ್ಕೆ ಊರಿನಿಂದ ಬರುವ ಮುಖ್ಯ ಅತಿಥಿಗಳು ತಪ್ಪದೆ ಕೊಡುವ ಉಪದೇಶವೊಂದಿದೆ: ನೀವು ಮನೆಯಲ್ಲಿ ಕನ್ನಡವನ್ನೇ ಆಡಿರಿ, ಮನೆಯಲ್ಲಿ ಕನ್ನಡ ಉಳಿದರೆ ಸಾಹಿತ್ಯ ತಾನಾಗಿ ಉಳಿಯುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಹಾಗೆ ತಟ್ಟಿದವರಲ್ಲಿ, ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ಬಹಳ ಮಂದಿಯ ಮನೆಯ ಭಾಷೆ ತುಳು. ಇನ್ನು ಕೆಲವರದು ಕೊಂಕಣಿ. ವಂದನಾರ್ಪಣೆ ಮುಗಿದು ಎಲ್ಲರೂ ಚಹಾದ ಮೇಜಿನ ಕಡೆಗೆ ಬರುವ ಹೊತ್ತಿಗೆ ಕಾರ್ಯದರ್ಶಿಗಳೂ ಖಜಾಂಚಿಗಳೂ ಹಾಲ್ ಬಾಡಿಗೆಯ ಲೆಕ್ಕವನ್ನು ತುಳುವಿನಲ್ಲೇ ಚುಕ್ತಾ ಮಾಡುತ್ತಿರುತ್ತಾರೆ. ಅವರನ್ನು ಹಂಗಿಸಲು ಈ ಮಾತು ಹೇಳುತ್ತಿಲ್ಲ. ಈ ನಗರದಲ್ಲಿ ಕನ್ನಡ ನಾಟಕಕ್ಕೆ ಟಿಕೆಟು ಮಾರಿದವರು, ಕನ್ನಡ ರಾತ್ರಿಶಾಲೆಗೆ ಬೆಂಚು ಕೊಡಿಸಿದವರು, ಪತ್ರಿಕೆಗೆ ಚಂದಾ ಎತ್ತಿದವರು ಅವರೇ. ನನ್ನ ತಕರಾರು ಅತಿಥಿಗಳ ಉಪದೇಶದೊಂದಿಗೆ. ಅದು ನಮ್ಮ ಸಾಹಿತ್ಯದ ಚರಿತ್ರೆಯನ್ನು ಗಮನಿಸದೆ ಆಡಿದ ಮಾತು.

'ಮನೆಮಾತು' ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. ಮನೆಯಲ್ಲಿ ಆಡುವ ಭಾಷೆ ಎಂಬುದೊಂದು. ಮನೆಮನೆಯಲ್ಲೂ ಹೆಸರಾದದ್ದು ಎಂಬುದು ಇನ್ನೊಂದು. ಬೇಂದ್ರೆಯವರು ಕನ್ನಡಿಗರಿಗೆಲ್ಲ ಮನೆಮಾತಾದವರು; ಅವರ ಮನೆಮಾತು ಮಾತ್ರ ಮರಾಠಿ. ಮಾಸ್ತಿ ಕನ್ನಡದ ಆಸ್ತಿ ಎಂಬ ಪ್ರಾಸ ನಮಗೆಲ್ಲ ಬಾಯಿಪಾಠ. ಆ ಆಸ್ತಿಯ ಮನೆಯಲ್ಲಿ ಆಡುತ್ತಿದ್ದದ್ದು ತಮಿಳು. ಪಂಜೆ ಮಂಗೇಶರಾಯರ ಮನೆಯಲ್ಲಿ ಕೊಂಕಣಿ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿಯೆಂದು ಗೌರವಿಸಿದ ಮಂಜೇಶ್ವರದ ಗೋವಿಂದ ಪೈಗಳ ಮನೆಯಲ್ಲೂ ಕೊಂಕಣಿಯೇ. ಮುಂಬಯಿಗೆ ಕೂಗಳತೆಯಲ್ಲಿರುವ ಮಾಥೆರಾನಿನಲ್ಲಿ 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರದೂ ಕೊಂಕಣಿ ಮನೆ. ಕೆ. ಎಸ್. ನಿಸಾರ್ ಅಹಮದರದು ಉರ್ದು, ಸಾರಾ ಅಬೂಬಕ್ಕರರದು ಮಲೆಯಾಳ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕನ್ನಡಕ್ಕೆ ಜ್ಞಾನಪೀಠ ತಂದವರಲ್ಲೇ ಮೂವರು, 1973ರ ಬೇಂದ್ರೆ, 1983ರ ಮಾಸ್ತಿ, 1998ರ ಕಾರ್ನಾಡ, ಅಡಿಗೆಮನೆಯಲ್ಲಿ ತಾಯಿಯೊಡನೆ ಕನ್ನಡ ಆಡಿದವರಲ್ಲ. ಮನೆಯಲ್ಲಿ ಕನ್ನಡವಿದ್ದರೇ ಸಾಹಿತ್ಯ ಎಂಬ ಸೂತ್ರವನ್ನು ಇವರ ಮೇಲೆ ಪ್ರಯೋಗಿಸಿದರೆ ನಮ್ಮ ಕಪಾಟಿನ ಒಂದು ಹಲಗೆ ಪೂರ್ತಿ ಖಾಲಿಯಾಗುತ್ತದೆ.

ಹಾಗಾದರೆ ಇವರಿಗೆ ಕನ್ನಡ ಎಲ್ಲಿಂದ ಬಂತು? ಬೀದಿಯಿಂದ, ಶಾಲೆಯಿಂದ, ಸಂತೆಯಿಂದ, ಯಕ್ಷಗಾನದ ಚೌಕಿಯಿಂದ. ಬೇಂದ್ರೆಯವರ ಕವಿತೆಯಲ್ಲಿ ಮಾತಾಡುವ ಹೆಣ್ಣುಮಕ್ಕಳೂ ಜೋಗತಿಯರೂ ಧಾರವಾಡದ ಓಣಿಗಳಿಂದ ಎದ್ದು ಬಂದವರು. ಹೊಸ್ತಿಲ ಒಳಗೆ ಮರಾಠಿ. ಹೊಸ್ತಿಲು ದಾಟಿದರೆ ಕಿವಿಯ ತುಂಬ ಕನ್ನಡ. ಒಂದು ದೃಷ್ಟಿಯಿಂದ ಇದು ಲಾಭವೂ ಆಯಿತೆಂದು ನನ್ನ ಅಭಿಪ್ರಾಯ. ಮನೆಯ ಭಾಷೆಯನ್ನು ನಾವು ಗಾಳಿಯಂತೆ ಉಸಿರಾಡುತ್ತೇವೆ, ಅದರ ಕಡೆಗೆ ಗಮನವಿರುವುದಿಲ್ಲ. ಹೊರಗಿನಿಂದ ಕೇಳಿ ಕಲಿತ ಭಾಷೆಯ ಒಂದೊಂದು ಮಾತೂ ಕಿವಿಗೆ ಬಡಿಯುತ್ತದೆ. ಶಬ್ದದೊಡನೆ ಬೇಂದ್ರೆಯವರು ಆಡಿದಷ್ಟು ಆಟವನ್ನು ಶುದ್ಧ ಕನ್ನಡದ ಮನೆಯಲ್ಲಿ ಹುಟ್ಟಿದವರು ಆಡಲಿಲ್ಲ. ಅವರು ಮರಾಠಿಯಲ್ಲೂ ಬರೆದರು. 1944ರಿಂದ 1956ರವರೆಗೆ ಪಾಠ ಹೇಳಿದ್ದು ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಪೇಟೆಯಲ್ಲಿ ಕೇಳಿಸುವ ಸೊಲ್ಲಾಪುರದಲ್ಲಿ. ಭಾಷೆಗಳ ನಡುವಿನ ಬೇಲಿ ಅವರಿಗೆ ದಾಟಲಾಗದ ಗೋಡೆಯಾಗಿ ಎಂದೂ ಕಾಣಿಸಿರಲಾರದು.

ಈ ಸ್ಥಿತಿಯನ್ನು ಅತ್ಯಂತ ಸ್ಪಷ್ಟವಾಗಿ ಕಂಡು ಹೇಳಿದವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಕಳೆದ ತಮ್ಮ ಬಾಲ್ಯದ ಮನೆಯನ್ನು ಅವರು ಭಾಷೆಗಳ ನಕ್ಷೆಯನ್ನಾಗಿ ಬಿಡಿಸಿದ್ದಾರೆ: ಕೆಳಗೆ ಅಮ್ಮನೊಡನೆ ತಮಿಳು, ಮಹಡಿಯ ಮೇಲೆ ಅಪ್ಪನ ಓದುಕೋಣೆಯಲ್ಲಿ ಇಂಗ್ಲಿಷು, ಹೊರಗೆ ಬೀದಿಯಲ್ಲಿ ಕನ್ನಡ. ಮೆಟ್ಟಿಲು ಹತ್ತಿದರೆ ಒಂದು ಭಾಷೆ, ಇಳಿದರೆ ಇನ್ನೊಂದು. ಮುಂದೆ ಷಿಕಾಗೋದಲ್ಲಿ ಕುಳಿತು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕವಿತೆ ಬರೆದ ಈ ಕವಿಯ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಬಂದಾಗ ಇಂಥ ಕನ್ನಡವೂ ಉಂಟೇ ಎಂದು ಹುಬ್ಬೇರಿಸಿದವರಿದ್ದರು. ಆ ಸಂಕಲನದ ಒಣ, ಬಿಗಿ, ಒಂದಿಷ್ಟು ತುಂಟ ಕನ್ನಡ ಬೀದಿಯಲ್ಲಿ ನಿಂತು ಕಲಿತವನ ಕನ್ನಡ ಎನ್ನಲು ನನಗೆ ಸಂಕೋಚವಿಲ್ಲ.

ಸರಕಾರದ ಲೆಕ್ಕದಲ್ಲಿ ಈ ಮೆಟ್ಟಿಲುಗಳು ಕಾಣುವುದಿಲ್ಲ. ನಮ್ಮ ಜನಗಣತಿ ಕೇಳುವುದು ಮಾತೃಭಾಷೆಯನ್ನು; ಅದಕ್ಕೆ ಅದು ಕೊಡುವ ವಿವರಣೆ, ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ ಎಂದು. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮಾತ್ರ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇದರ ಮೇಲೆ ಬಲ್ಲ ಬೇರೆ ಎರಡು ಭಾಷೆಗಳನ್ನು ಬರೆದುಕೊಳ್ಳುತ್ತಾರೆ. ಇವತ್ತು ಈ ಮನೆಯಲ್ಲಿ ಏನು ಆಡುತ್ತೀರಿ ಎಂಬುದು ಪ್ರಶ್ನೆಯೇ ಅಲ್ಲ. ಕೆನಡಾ ದೇಶದ ಗಣತಿಯಲ್ಲಿ ಮೊದಲು ಕಲಿತ ಭಾಷೆ ಯಾವುದು, ಈಗ ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಎರಡು ಪ್ರಶ್ನೆಗಳಿವೆ. ವಲಸೆ ಬಂದವರ ದೇಶಕ್ಕೆ ಈ ವ್ಯತ್ಯಾಸ ಬೇಗ ಹೊಳೆದಿರಬೇಕು. ನಮ್ಮಲ್ಲಿ 2011ರ ಗಣತಿಗೆ ಜನ ಕೊಟ್ಟ ಮಾತೃಭಾಷೆಯ ಹೆಸರುಗಳು 19,569. ಅವುಗಳನ್ನು ಜರಡಿ ಹಿಡಿದು, ಕೂಡಿಸಿ, ಕೊನೆಗೆ ಉಳಿಸಿದ್ದು 121 ಭಾಷೆಗಳನ್ನು. ನೀಲಗಿರಿಯ ಬಡಗ ಕನ್ನಡದ ಲೆಕ್ಕಕ್ಕೆ ಸೇರಿತು. ತುಳು ಬೇರೆಯೇ ಉಳಿಯಿತು. ಕರ್ನಾಟಕದ ಒಳಗೇ ಕನ್ನಡವನ್ನು ಮಾತೃಭಾಷೆ ಎಂದವರು ನೂರಕ್ಕೆ 66ರಷ್ಟು. ಅಂದರೆ ಮೂರರಲ್ಲಿ ಒಂದು ಪಾಲು ಜನರ ಮನೆಯಲ್ಲಿ ಮತ್ತೊಂದು ಭಾಷೆ. ಮಹಾರಾಷ್ಟ್ರದಲ್ಲಿ ಕನ್ನಡದವರು ಸುಮಾರು ಹತ್ತು ಲಕ್ಷ. ಸಂಘ ಕಟ್ಟಿದ, ಇದೇ ಪತ್ರಿಕೆಯನ್ನು ಓದುವ ನಮ್ಮ ತುಳು ಬಂಧುಗಳು ಆ ಹತ್ತು ಲಕ್ಷದಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಅಂಕಿಯ ಪ್ರಕಾರ ಅವರು ಕನ್ನಡಿಗರಲ್ಲ. ವಾರ್ಷಿಕೋತ್ಸವದ ಪ್ರಕಾರ ಅವರೇ ಕನ್ನಡಿಗರು.

ಲೆಕ್ಕ ಬರೆಯುವ ಗುಮಾಸ್ತರನ್ನು ಬಿಡೋಣ. ನಮ್ಮ ಕಾದಂಬರಿಕಾರರು ಏನು ಮಾಡಿದರು? ಒಂದು ಕೃತಿಯನ್ನು ಓದುವಾಗ ಕೇಳಬಹುದಾದ ಒಂದು ಸಣ್ಣ ಪ್ರಶ್ನೆಯಿದೆ. ನಮ್ಮ ವಿಮರ್ಶೆ, ನವೋದಯದ್ದಾಗಲಿ ನವ್ಯದ್ದಾಗಲಿ, ಅದನ್ನು ಕೇಳಿದ್ದು ಕಡಿಮೆ. ಈ ಪಾತ್ರ ಈಗ ಯಾವ ಭಾಷೆಯಲ್ಲಿ ಮಾತಾಡುತ್ತಿದೆ?

'ಚೋಮನ ದುಡಿ'ಯನ್ನು ತೆಗೆದುಕೊಳ್ಳಿ. 1933ರ ಕೃತಿ, ಕನ್ನಡ ಕಾದಂಬರಿಯ ಮೊದಲ ಸಾಲಿನಲ್ಲಿ ನಿಲ್ಲತಕ್ಕದ್ದು. ಚೋಮ ದಕ್ಷಿಣ ಕನ್ನಡದ ಅಸ್ಪೃಶ್ಯ ಕೂಲಿಯಾಳು. ಅವನೂ ಬೆಳ್ಳಿಯೂ ಚನಿಯ, ಗುರುವ, ಕಾಳ, ನೀಲರೂ ಗುಡಿಸಲಿನಲ್ಲಿ ಆಡಿದ ಭಾಷೆ ತುಳುವೇ ಆಗಿರಬೇಕು. ಒಡೆಯ ಸಂಕಪ್ಪಯ್ಯನ ಅಂಗಳದಲ್ಲಿ ದೂರ ನಿಂತು ಬೇಸಾಯಕ್ಕೆ ತುಂಡು ಭೂಮಿ ಬೇಡಿದ್ದೂ ತುಳುವಿನಲ್ಲೇ. ಕಾದಂಬರಿಯಲ್ಲಿ ಮಾತ್ರ ಎಲ್ಲರೂ ಕನ್ನಡದವರು. ಕಾರಂತರು ಸ್ವತಃ ಕೋಟದ ಕನ್ನಡದವರು. ಪುತ್ತೂರಿನ ಬದುಕಿನಲ್ಲಿ ತುಳುವನ್ನು ಹತ್ತಿರದಿಂದ ಕೇಳಿದವರು. ತುಳು ಬರೆದರೆ ಶಿವಮೊಗ್ಗದಾಚೆ ಓದುವವರಿಲ್ಲ. ತುಳುವರೂ ಶಾಲೆಯಲ್ಲಿ ಓದಲು ಕಲಿತದ್ದು ಕನ್ನಡವನ್ನೇ. ಆದುದರಿಂದ ಅವರು ಮಾಡಿದ್ದು ಅನಿವಾರ್ಯವಾಗಿತ್ತು ಎನ್ನೋಣ. ಆದರೂ ಏನೋ ಒಂದು ಕಳೆದಿದೆ. ಕಾಫಿ ತೋಟಕ್ಕೆ ಹೋದಾಗ ಈ ಮಕ್ಕಳ ಕಿವಿಗೆ ಬಿದ್ದ ಮಾತುಗಳು ಬೇರೆ ಇರಬೇಕು. ಮನ್ವೇಲನ ಬಾಯಲ್ಲಿ ಬಂದ ಭಾಷೆಗೂ ಬೆಳ್ಳಿಯ ಭಾಷೆಗೂ ನಡುವೆ ಒಂದು ಅಂತರ ಇದ್ದಿರಬೇಕು. ಸಾಲದ ಲೆಕ್ಕ ಹೇಳುವವನ ಭಾಷೆ ಸಾಲಗಾರಳಿಗೆ ಪೂರಾ ತಿಳಿಯದೆ ಇರುವುದೂ ಶೋಷಣೆಯ ಒಂದು ಸಾಧನವೇ ಅಲ್ಲವೆ? ಏಕರೂಪದ ಕನ್ನಡದಲ್ಲಿ ಆ ಸಾಧನ ಅಡಗಿಹೋಗಿದೆ. ವಿಚಿತ್ರವೆಂದರೆ, ಮಾತು ಮರೆಮಾಚಿದ್ದನ್ನು ದುಡಿ ಹೇಳಿಬಿಡುತ್ತದೆ. ಚೋಮನ ದುಃಖ ಉಕ್ಕಿ ಬಂದಾಗ ಕಾರಂತರು ಅವನ ಬಾಯಿಗೆ ಕನ್ನಡ ತುಂಬುವುದಿಲ್ಲ, ಕೈಗೆ ದುಡಿ ಕೊಡುತ್ತಾರೆ. ಚರ್ಮಕ್ಕೆ ಅನುವಾದ ಬೇಕಿಲ್ಲ. ಆ ಕೃತಿ ನಿಂತಿರುವುದೇ ಅಲ್ಲಿ. 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಿತ್ರ ಮಾಡಿದಾಗಲೂ ಸಂಭಾಷಣೆ ಕನ್ನಡದ್ದೇ. ನೆನಪಿನಲ್ಲಿ ಉಳಿದದ್ದು ವಾಸುದೇವ ರಾಯರ ಮುಖ ಮತ್ತು ದುಡಿಯ ಸದ್ದು.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಲ್ಲಿ ಪ್ರಶ್ನೆ ಬೇರೆ ರೀತಿ ಬರುತ್ತದೆ. ಹಾಲೇರಿ ಅರಸರ ಆಸ್ಥಾನದ ಭಾಷೆ ನಿಜಕ್ಕೂ ಕನ್ನಡವೇ. ಅಲ್ಲಿ ಲೇಖಕರಿಗೆ ತೊಡಕಿಲ್ಲ. ಆದರೆ ಬೋಪಣ್ಣನಂಥ ಕೊಡವ ಮಂತ್ರಿ ಅರಮನೆಯಿಂದ ಮನೆಗೆ ಹೋದರೆ ಕೊಡವ ತಕ್ಕ್‌ಗೆ ಹೊರಳುತ್ತಿದ್ದಿರಬೇಕು. ರಾಜನೆದುರು ಒಂದು ಭಾಷೆ, ತನ್ನವರೆದುರು ಒಂದು ಭಾಷೆ: ದೊರೆಯನ್ನು ಇಳಿಸಬೇಕೋ ಬೇಡವೋ ಎಂದು ತೂಗುತ್ತಿರುವ ಮಂತ್ರಿಗೆ ಈ ಹೊರಳುವಿಕೆ ಎಷ್ಟು ಅರ್ಥವತ್ತಾಗಬಹುದಿತ್ತು! ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷು, ಬರೆಹದಲ್ಲಿ ಕನ್ನಡ ಎಂದು ಜೀವಮಾನವಿಡೀ ಹೊರಳಿದ ಮಾಸ್ತಿಯವರೇ ಇದನ್ನು ಬಳಸಿಕೊಳ್ಳದೆ ಬಿಟ್ಟರಲ್ಲ ಎನ್ನಿಸುತ್ತದೆ. ಅವರ ತಿಳಿಗನ್ನಡದ ಬಗೆಗೆ ನನಗೂ ಬಹಳ ಗೌರವವಿದೆ. ಆ ತಿಳಿತನಕ್ಕೆ ತೆತ್ತ ಬೆಲೆ ಇದು.

ಮುಂಬಯಿಗೆ ಬರೋಣ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ನಾಗಪ್ಪನನ್ನು ಬೇಟೆಯಾಡುವ ಕಂಪನಿಯ ದೊಡ್ಡವರು, ಫಿರೋಜನಂಥವರು, ಅವನೊಡನೆ ಆಡಿದ್ದು ಇಂಗ್ಲಿಷೇ ಇರಬೇಕು. ಚಿತ್ತಾಲರು ಅದನ್ನು ಕನ್ನಡದಲ್ಲಿ ಕೊಟ್ಟರೂ ಆಫೀಸಿನ ಇಂಗ್ಲಿಷ್ ಶಬ್ದಗಳನ್ನು ಕಲ್ಲಿನಂತೆ ನಡುನಡುವೆ ಉಳಿಸಿದ್ದಾರೆ. ಅವು ಹಲ್ಲಿಗೆ ಸಿಗುತ್ತವೆ, ಸಿಗಬೇಕಾದದ್ದೇ. ಒಬ್ಬ ಮನುಷ್ಯನನ್ನು ಮುಗಿಸಲು ಹೊರಟ ವ್ಯವಸ್ಥೆಗೆ ತನ್ನದೇ ಒಂದು ಭಾಷೆಯಿದೆ, ಅದು ಅವನು ಅತ್ತು ಕಲಿತ ಭಾಷೆಯಲ್ಲ ಎಂಬುದು ಪುಟಪುಟದಲ್ಲೂ ತಿಳಿಯುತ್ತದೆ. ಕಾರಂತರಲ್ಲಿ ಅಡಗಿದ್ದು ಇಲ್ಲಿ ಅರ್ಧ ಹೊರಗೆ ಬಂದಿದೆ. ಜಯಂತ ಕಾಯ್ಕಿಣಿಯವರದು ಮತ್ತೊಂದು ದಾರಿ. 1989ರ 'ದಗಡೂ ಪರಬನ ಅಶ್ವಮೇಧ' ಎಂಬ ಹೆಸರನ್ನೇ ನೋಡಿ. ಕನ್ನಡದ ಗಾಳಿಯೂ ಸೋಕದ ಮರಾಠಿ ಮನುಷ್ಯ ಕನ್ನಡ ಕತೆಗೆ ನಾಯಕನಾಗಿದ್ದಾನೆ. ಅವರ ಮುಂಬಯಿ ಕತೆಗಳಲ್ಲಿ ಪಾತ್ರಗಳ ಭಾಷೆ ಕನ್ನಡವಲ್ಲ, ಅವರನ್ನು ನೋಡುವ ಕಣ್ಣಿನ ಭಾಷೆ ಕನ್ನಡ. ಕಾಯ್ಕಿಣಿಯವರ ಕತೆಗಳು ಕೆಲವೊಮ್ಮೆ ಅತಿಯಾಗಿ ಆರ್ದ್ರವಾಗುತ್ತವೆ ಎಂಬ ಆಕ್ಷೇಪವಿದೆ, ನನಗೂ ಒಮ್ಮೊಮ್ಮೆ ಹಾಗನ್ನಿಸಿದೆ. ಆದರೆ ಊರಿನ ಅಡಿಕೆ ತೋಟವನ್ನು ನೆನೆದು ಅಳದೆ, ಪಕ್ಕದ ಖೋಲಿಯವನನ್ನು ಕನ್ನಡದಲ್ಲಿ ಕಂಡದ್ದು ದೊಡ್ಡ ಮಾತು.

ಈಚಿನ ಸಂಗತಿಯೂ ಇದೇ ಕಡೆ ಬೆರಳು ತೋರುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ಸಂಘಸಂಘಗಳಲ್ಲಿ ಸಂಭ್ರಮವಾಯಿತು. ಸಂಭ್ರಮದಲ್ಲಿ ಎಷ್ಟು ಮಂದಿ ಆ ಕತೆಗಳನ್ನು ಓದಿದರೋ ಬೇರೆ ಮಾತು. ಬಾನು ಅವರ ಮನೆಯ ಭಾಷೆ ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿ ಅಕ್ಷರ ಕಲಿತವರು. ಅವರ ಕನ್ನಡದಲ್ಲಿ ದಖ್ಖನಿ ಉರ್ದುವೂ ಅರಬ್ಬಿಯ ಪ್ರಾರ್ಥನೆಯ ಮಾತುಗಳೂ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಕೂರುತ್ತವೆ. ಅನುವಾದಿಸಿದ ದೀಪಾ ಭಾಸ್ತಿಯವರು ಆ ಮಾತುಗಳನ್ನು ಓರೆಯಚ್ಚಿನಲ್ಲಿ ಹಾಕಿ ಪರಕೀಯವೆಂದು ಗುರುತಿಸಲು ಒಪ್ಪಲಿಲ್ಲ. ಚೋಮನಿಂದ ಇಲ್ಲಿಗೆ ತೊಂಬತ್ತು ವರ್ಷಗಳ ದಾರಿ. ಮನೆಮಾತು ಕೊನೆಗೂ ಪುಟದ ಮೇಲೆ ಕಾಲಿಟ್ಟಿತು. ಕನ್ನಡ ಅದರಿಂದ ಕೆಡಲಿಲ್ಲ.

ಇಷ್ಟು ಹೇಳಿದ ಮೇಲೆ, ಸರಿ ಹಾಗಾದರೆ ನಮ್ಮ ಮಕ್ಕಳು ಮನೆಯಲ್ಲಿ ಏನು ಆಡಿದರೂ ಚಿಂತೆಯಿಲ್ಲ, ಬೇಂದ್ರೆ ಆಗಿಯೇ ಬಿಡುತ್ತಾರೆ ಎಂದು ವಾಚಕರಾರಾದರೂ ಸಮಾಧಾನ ತಾಳಿದರೆ ಅದು ನನ್ನ ಮಾತಿನ ಅರ್ಥವಲ್ಲ. ವ್ಯತ್ಯಾಸ ಬಹಳ ಕಠಿಣವಾದದ್ದು. ರಾಮಾನುಜನ್ನರಿಗೆ ಮನೆಯಲ್ಲಿ ಇಲ್ಲದ ಕನ್ನಡವನ್ನು ಮೈಸೂರಿನ ಬೀದಿ ಬಿಟ್ಟಿಯಾಗಿ ಕೊಟ್ಟಿತು. ಸಾರಾ ಅಬೂಬಕ್ಕರರ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಅದಕ್ಕೆ ಮೊದಲೇ ಅವರಿಗೆ ಅಲ್ಲಿನ ಕನ್ನಡ ಶಾಲೆ ಸಿಕ್ಕಿತ್ತು. ನಮ್ಮ ದಾದರು, ಮುಲುಂಡು, ಡೊಂಬಿವಲಿಗಳ ಬೀದಿ ಏನು ಕೊಡುತ್ತದೆ? ಮರಾಠಿ ಕೊಡುತ್ತದೆ, ಹಿಂದಿ ಕೊಡುತ್ತದೆ, ಗುಜರಾತಿಯನ್ನೂ ಒಂದಿಷ್ಟು ಕೊಟ್ಟೀತು. ಅವರಿಗೆ ಬೀದಿಮಾತಾಗಿದ್ದ ಕನ್ನಡ ಇಲ್ಲಿ ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡಿದೆ. ಬೀದಿಯಿಲ್ಲದ ಭಾಷೆಗೆ ಬೈಗಳಿಲ್ಲ, ಚೌಕಾಸಿಯಿಲ್ಲ, ಗೆಳೆಯರ ಗುಟ್ಟಿಲ್ಲ. ಉಳಿದಿರುವುದು 'ಊಟ ಮಾಡು', 'ಮಲಗು', 'ಪಾಠ ಆಯ್ತಾ'. ಒಂದು ಕಾಲಕ್ಕೆ ಕೋಟೆ ಭಾಗದ ರಾತ್ರಿಶಾಲೆಗಳು ಆ ಬೀದಿಯ ಕೆಲಸವನ್ನು ಮಾಡಿದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ತುಳು ಹುಡುಗ ರಾತ್ರಿ ಹಾಜರಿ ಕೂಗುವಾಗ ಕನ್ನಡದವನಾಗುತ್ತಿದ್ದ. ಅವನಿಗೆ ಕನ್ನಡದಲ್ಲಿ ಜಗಳವಾಡಲು ಜೊತೆಗಾರರಿದ್ದರು. ಮುಂಬಯಿ ನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳೂ ಅದನ್ನೇ ಮಾಡಿದವು. ಅಲ್ಲಿ ಓದಿದವರ ಮೊಮ್ಮಕ್ಕಳು ಇಂದು ಇಂಗ್ಲಿಷ್ ಶಾಲೆಯ ಬಸ್ಸಿಗೆ ಕಾಯುತ್ತಾರೆ. ತಂದೆತಾಯಿಯರನ್ನು ಇದಕ್ಕಾಗಿ ಬಯ್ಯುವುದು ಸುಲಭ, ನ್ಯಾಯವಲ್ಲ.

ಮನೆಯೊಳಗೂ ಈಗ ಒಂದೇ ಭಾಷೆಯಿಲ್ಲ. ಗಂಡ ತುಳು, ಹೆಂಡತಿ ಹವ್ಯಕ ಕನ್ನಡ. ಅಥವಾ ಮಗ ಧಾರವಾಡದ ಕನ್ನಡ, ಸೊಸೆ ಪುಣೆಯ ಮರಾಠಿ. ಅಜ್ಜಿ "ಒಣಸ್‌ಗ್ ಬಲ" ಎಂದು ಕರೆದರೆ ಮೊಮ್ಮಗ "ಆತಾ ಹೂಂ" ಎನ್ನುತ್ತಾನೆ. ತಾಯಿ ನಡುವೆ ಬಂದು ಕನ್ನಡದಲ್ಲಿ ಗದರುತ್ತಾಳೆ. ಹುಡುಗ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾನೆ. ಯಾರಿಗೂ ಯಾರ ಮಾತೂ ತಿಳಿಯದೆ ಇಲ್ಲ. ಇದನ್ನು ಅವನತಿ ಎಂದು ಹಣೆ ಬಡಿದುಕೊಳ್ಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲಿಗೆ ಒಂದು ಸಂಗತಿ, ಸಾಹಿತ್ಯಕ್ಕೆ ವಸ್ತು. ಇಂಥ ಒಂದು ಮನೆಯನ್ನು ಅದರ ನಾಲ್ಕೂ ಭಾಷೆಗಳ ಸದ್ದಿನೊಡನೆ ಕನ್ನಡದಲ್ಲಿ ಬರೆದವರು ಎಷ್ಟು ಮಂದಿ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಕಥಾಸ್ಪರ್ಧೆಗಳಿಂದ. ಹೊರನಾಡ ಸಂಘಗಳ ಸ್ಪರ್ಧೆಗೆ ಬಂದ ಕತೆಗಳನ್ನು ಓದಿ ಅಂಕ ಕೊಡುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಹತ್ತರಲ್ಲಿ ಏಳು ಕತೆಗಳು ಊರಿನ ಮಳೆ, ಮುರಿದ ಹಟ್ಟಿ, ಮಾರಿಹೋದ ಗದ್ದೆ. ಮಿಕ್ಕ ಮೂರು ಇಲ್ಲಿಯ ಫ್ಲ್ಯಾಟಿನವು. ಅವುಗಳಲ್ಲಿ ಮಗು ಬೆಂಗಳೂರು ಆಕಾಶವಾಣಿಯ ನಾಟಕದ ಮಗುವಿನಂತೆ "ಅಮ್ಮಾ, ನಾನು ಆಟವಾಡಲು ಹೋಗುತ್ತೇನೆ" ಎನ್ನುತ್ತದೆ. ಬರೆದವರ ಸ್ವಂತ ಮಗು ಹಾಗೆ ಒಂದು ದಿನವೂ ಅಂದಿರಲಾರದು. ಒಮ್ಮೆ ಮಾತ್ರ ಒಬ್ಬ ಮಹಿಳೆಯ ಕತೆ ಬಂದಿತ್ತು. ಅತ್ತೆ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾರೆ. ಆಕೆ ಆಡುವ ತುಳು ಡಾಕ್ಟರಿಗೆ ತಿಳಿಯದು, ಡಾಕ್ಟರರ ಹಿಂದಿ ಆಕೆಗೆ ತಿಳಿಯದು. ಹತ್ತು ವರ್ಷದ ಮೊಮ್ಮಗಳು ನಡುವೆ ನಿಂತು ತರ್ಜುಮೆ ಮಾಡುತ್ತಾಳೆ. 'ಇನ್ನು ಎಷ್ಟು ದಿನ' ಎಂಬ ಅಜ್ಜಿಯ ಪ್ರಶ್ನೆಗೆ ಡಾಕ್ಟರು ಹೇಳಿದ್ದನ್ನು ಮಗು ಬೇಕೆಂದೇ ತಪ್ಪು ತರ್ಜುಮೆ ಮಾಡುತ್ತದೆ. ತುಳು ತುಳುವಾಗಿಯೇ, ಹಿಂದಿ ಹಿಂದಿಯಾಗಿಯೇ ಕನ್ನಡ ಲಿಪಿಯಲ್ಲಿ ನಿಂತಿದ್ದವು. ಅರ್ಥ ಆ ಮಗುವಿನ ಕನ್ನಡದಲ್ಲಿ. ಕತೆ ಅಲ್ಲಲ್ಲಿ ಒರಟಾಗಿತ್ತು, ಕೊನೆ ಸ್ವಲ್ಪ ಎಳೆದಂತಿತ್ತು. ಆದರೆ ಬಂದವುಗಳಲ್ಲಿ ಅದೊಂದೇ ಈ ಊರಿನಲ್ಲಿ ನಡೆದ ಕತೆ.

ಅದಕ್ಕೆ ಬಹುಮಾನ ಬರಲಿಲ್ಲ. ಅಂಕಪಟ್ಟಿಯಲ್ಲಿ ವಸ್ತು, ನಿರೂಪಣೆ, ಭಾಷಾಶುದ್ಧಿ ಎಂದು ಮೂರು ಅಂಕಣಗಳಿದ್ದವು. ಮೂರನೆಯದರಲ್ಲಿ ಜೊತೆಯ ತೀರ್ಪುಗಾರರಿಬ್ಬರೂ ಸೊನ್ನೆ ಹಾಕಿದ್ದರು. ನಾನು ಪೂರ್ಣಾಂಕ ಕೊಟ್ಟೆ, ಕೂಡಿಸಿದಾಗ ಸಾಲಲಿಲ್ಲ. ಆ ಅಂಕಪಟ್ಟಿ ಈಗಲೂ ಅನೇಕ ಸಂಘಗಳಲ್ಲಿ ಚಲಾವಣೆಯಲ್ಲಿದೆ. ಮುಂದಿನ ಸ್ಪರ್ಧೆಯ ಪ್ರಕಟಣೆ ಅಚ್ಚಿಗೆ ಹೋಗುವ ಮೊದಲು ಕಾರ್ಯಕಾರಿ ಸಮಿತಿಗಳು ಅದರ ಮೂರನೆಯ ಅಂಕಣವನ್ನು ಹೊಡೆದುಹಾಕಲಿ. ಅಲ್ಲಿ 'ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಕತೆಗಾರರಿಗೆ ತಿಳಿದಿದೆಯೆ' ಎಂದು ಬರೆಯಲಿ, ಅಂಕ ಹತ್ತಕ್ಕೆ.